ಬಂಡಲ್ ಮಾಮನ ಬಲಗೈ

ಲೋ ಬಲಗೈ,

ಹೀಗೆ ಕರೆದರೆ ನಿನಗೆ ಮೈ ಉರಿಯುತ್ತಿತ್ತು. ಮುನಿಸಿಕೊಂಡು ಹೋದವನು ಈಗ ಎಲ್ಲಿದ್ದೀಯೋ ತಿಳಿಯದು. ಇದು ಕಳಿಸುವ ಕಾಗದವಲ್ಲ, ಅದಕ್ಕೇ ಈ ಧೈರ್ಯ.

ಇವತ್ತು ಟಿವಿಯವರು ಹಳಬರನ್ನೆಲ್ಲ ಸ್ಟುಡಿಯೋಗೆ ಕರೆದಿದ್ದರು. ನಮ್ಮ ಗೊಂಬೆ ಬಂಡಲ್ ಮಾಮನನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ನನ್ನ ಕೈಗಿಟ್ಟರು. ಅವನ ಸ್ಪಂಜಿನ ಮೂಗು ಉದುರಿಹೋಗುತ್ತಿದೆ. ಮೊದಲಿನಂತೆ ಮೇಜಿನ ಕೆಳಗೆ ಮುದುರಿ ಕೂತೆ. ಕೂತಮೇಲೆ ನೋಡಿದರೆ, ಪಕ್ಕದಲ್ಲಿ ನಿನಗೆ ಜಾಗ ಬಿಟ್ಟೇ ಕೂತಿದ್ದೇನೆ.

ಮಾಮನ ಬಾಯಿ, ದನಿ ನನ್ನದು, ಬಲಗೈ ನಿನ್ನದು. ಅವನು ಬಂಡಲ್ ಬಿಟ್ಟಾಗಲೆಲ್ಲ ನೀನು ಆ ಕೈಯೆತ್ತಿ ಅವನ ಕಿವಿ ಕೆರೆಯುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದದ್ದು ಅದಕ್ಕೇ, ನನ್ನ ಮಾತಿಗಲ್ಲ. ಇರಲಿ ಬಿಡು.

ನಿರೂಪಕಿ ಕೇಳಿದಳು: “ಮಾಮಾ, ನಿಮ್ಮ ಬಲಗೈ ಆಡಿಸ್ತಿದ್ರಲ್ಲ, ಅವರ ನೆನಪಾಗತ್ತಾ?”

ನಾನು ಮಾಮನ ದನಿಯಲ್ಲೇ ಅಂದೆ: “ಅಯ್ಯೋ, ಅವನ್ಯಾಕಮ್ಮ ನೆನಪಾಗ್ತಾನೆ? ಒಬ್ಬನೇ ಆರಾಮಾಗಿದೀನಿ!”

ಒಬ್ಬರೂ ನಗಲಿಲ್ಲ. ಎಲ್ಲರೂ ಆ ಕೈ ಏಳಲೆಂದು ಕಾಯುತ್ತಿದ್ದರು. ಕಾಲ ಬಳಿಯ ಮಾನಿಟರಿನಲ್ಲಿ ಅದನ್ನೇ ನೋಡುತ್ತ ನಾನೂ ಕಾದೆ.