ಮೇಕೆಯ ತಲೆಯ ಮೇಲೆ

ಗುರುವಾರ, ಸಂಜೆ

ತಂಗೀ,

ಮೊದಲು ‘ಮುದ್ದಿನ ತಂಗಿಗೆ’ ಎಂದು ಬರೆದು ಹೊಡೆದುಹಾಕಿದೆ. ಆರಾಮವಾಗಿದ್ದೇನೆ ಎಂದೂ ಬರೆಯಲಾರೆ. ನನ್ನನ್ನು ಕೆಲಸದಿಂದ ಅಮಾನತು ಮಾಡಿ ಇಪ್ಪತ್ತು ದಿನವಾಯಿತು, ನಿನ್ನಿಂದ ಒಂದು ಫೋನಿಲ್ಲ.

ಹೊತ್ತು ಹೋಗಬೇಕಲ್ಲ, ಪಕ್ಕದ ಮನೆಯ ಹುಡುಗಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ‘ಸ್ಕೇಪ್‌ಗೋಟ್’ ಅಂದರೇನು ಎಂದು ನಿನ್ನೆ ಕೇಳಿದಳು. ಯಾರದೋ ತಪ್ಪನ್ನು ತಲೆಗೆ ಕಟ್ಟಿಸಿಕೊಂಡವರು ಎಂದೆ. ಅದರಲ್ಲಿ ಮೇಕೆ ಯಾಕೆ ಬಂತು ಎಂದಳು. ನಿಘಂಟು ತೆಗೆದೆ. ಬಹಳ ಹಿಂದೆ ಒಂದು ಜನಾಂಗದ ಪುರೋಹಿತ ವರ್ಷಕ್ಕೊಮ್ಮೆ ಎರಡು ಮೇಕೆ ತರಿಸುತ್ತಿದ್ದನಂತೆ. ಒಂದು ದೇವರಿಗೆ ಬಲಿ. ಇನ್ನೊಂದರ ತಲೆಯ ಮೇಲೆ ಎರಡೂ ಕೈಯಿಟ್ಟು, ಜನರ ಪಾಪಗಳನ್ನೆಲ್ಲ ಹೇಳಿ, ಕಾಡಿಗೆ ಅಟ್ಟಿಸುತ್ತಿದ್ದನಂತೆ. ಕೊಲ್ಲದೆ ಬಿಟ್ಟರಲ್ಲ, ಅದಕ್ಕೇ ಇಂಗ್ಲಿಷಿನವರು ಅದನ್ನು ತಪ್ಪಿಸಿಕೊಂಡ ಮೇಕೆ ಎಂದು ಕರೆದರಂತೆ. ನಿಜವಾಗಿ ತಪ್ಪಿಸಿಕೊಂಡವರು ಯಾರು ಹೇಳು! ಮೇಕೆಗೆ ಏನೂ ಗೊತ್ತಿರಲಿಲ್ವಾ ಎಂದು ಹುಡುಗಿ ಮುಖ ಸಣ್ಣದು ಮಾಡಿದಳು. ಇರಲಿಲ್ಲ ಎಂದೆ. ನನಗೆ ಎಲ್ಲ ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ನನ್ನ ತಪ್ಪನ್ನು ಒಪ್ಪುತ್ತೇನೆ. ಆಸ್ಪತ್ರೆಯ ಲಸಿಕೆ ಫ್ರಿಜ್ಜಿನ ತಾಪಮಾನವನ್ನು ಬೆಳಿಗ್ಗೆ ನಾನು, ಸಂಜೆ ನೀನು ನೋಡಿ ಬರೆಯಬೇಕಿತ್ತು. ನೀನು ಮರೆತು ಹೆಡ್ ನರ್ಸ್ ಹತ್ತಿರ ಬೈಸಿಕೊಳ್ಳುತ್ತೀಯೆಂದು ಸಂಜೆಯ ಖಾನೆಯನ್ನೂ ಬೆಳಿಗ್ಗೆಯೇ ತುಂಬಿ, ಸಹಿ ಹಾಕಿಬಿಡುತ್ತಿದ್ದೆ. ಆ ಸಂಜೆ ನೀನು ಚಹಾದ ಕೆಟಲ್ ಹಾಕಲು ಫ್ರಿಜ್ಜಿನ ಪ್ಲಗ್ ಕಿತ್ತೆ, ತಿರುಗಿ ಸಿಕ್ಕಿಸಲಿಲ್ಲ. ಮರುದಿನ ನೋಡಿದರೆ ಆರು ನೂರು ಮಕ್ಕಳ ಲಸಿಕೆ ಹಾಳು. ಪುಸ್ತಕದಲ್ಲಿ ಮಾತ್ರ ಇರಬೇಕಾದಷ್ಟೇ ನಾಲ್ಕು ಡಿಗ್ರಿ, ಪಕ್ಕದಲ್ಲಿ ನನ್ನ ಸಹಿ.

“ಅಕ್ಕಾ, ಈಗ ಸುಮ್ನಿರು, ನಾನೇ ಎಲ್ಲಾ ಹೇಳ್ತೀನಿ” ಎಂದು ವಿಚಾರಣೆಯ ಕೋಣೆಯ ಮುಂದೆ ನೀನು ನನ್ನ ಕೈ ಹಿಡಿದುಕೊಂಡೆ. ಒಳಗೆ ಹೋಗಿ ಹೇಳಿದ್ದು, ಆ ಸಂಜೆಯ ಡ್ಯೂಟಿಯನ್ನು ಅಕ್ಕ ತಾನೇ ವಹಿಸಿಕೊಂಡಿದ್ದಳು ಎಂದು. ಬಾಗಿಲು ಅರ್ಧ ತೆರೆದಿತ್ತು, ಹೊರಗಿನ ಬೆಂಚಿನ ಮೇಲೆ ನಾನು ಕೂತಿದ್ದೆ. ಮೂರು ಹೊತ್ತೂ ವಟಗುಟ್ಟುವ ನೀನು ಇಷ್ಟು ಅಳೆದು ತೂಗಿ ಮಾತಾಡಬಲ್ಲೆಯೆಂದು ಅವತ್ತೇ ತಿಳಿದದ್ದು.

ಸೋಮವಾರ ಕೊನೆಯ ವಿಚಾರಣೆ. ಅಂದೂ ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಹದಿನಾಲ್ಕು ವರ್ಷದ ಕೆಲಸ ಹೋಗುತ್ತದೆ. ಸುಳ್ಳು ಸಹಿಗೆ ಏನು ಶಿಕ್ಷೆಯೋ ನಾನು ಅನುಭವಿಸುತ್ತೇನೆ, ಪ್ಲಗ್ಗಿನ ವಿಷಯ ನೀನು ಹೇಳು. ಹೇಳುತ್ತೀಯೆಂದು ಇನ್ನೂ ನಂಬಿ ಕೂತಿದ್ದೇನೆ, ನನ್ನ ಹುಚ್ಚು. ಅಮ್ಮನಿಗೆ ಏನೂ ತಿಳಿಸಿಲ್ಲ, ರಜೆ ಹಾಕಿದ್ದೇನೆ ಎಂದಿದ್ದೇನೆ. ಈ ವಯಸ್ಸಿನಲ್ಲಿ ಅವಳಿಗೆ ಯಾಕೆ ಇದೆಲ್ಲ.

ಇನ್ನೂ ನಿನ್ನವಳೇ ಆದ
ಅಕ್ಕ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮನ ಫೋನ್ ಬಂತು. “ಸೋಮವಾರ ಏನೂ ಬಾಯಿ ಬಿಡ್ಬೇಡ ಕಣೇ. ನೀನು ಹೇಗೋ ಬದುಕ್ತೀಯ, ಅವಳು ಚಿಕ್ಕವಳು” ಎಂದಳು. ಸೋಮವಾರದ ವಿಷಯ ನಾನು ಅವಳಿಗೆ ಹೇಳಿರಲೇ ಇಲ್ಲ. ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಮೊದಲ ದಿನದಿಂದ ಎಂದಳು. ಇನ್ನು ನೀನು ಹೇಳುವುದು ಬೇಡ, ನಾನೇ ಹೇಳುತ್ತೇನೆ.