ಶೇಂಗಾ ಹೊಲದ ಶಾಂತ ಕೂಸುಗಳು

ಮುರಿಗೆಪ್ಪಾ,

1934ರ ಶ್ರಾವಣದಲ್ಲಿ, ಅಫೀಮು ತಿನ್ನುವವನೆಂದು ಊರಗೌಡ ಬಸಗೌಡರು ನಿನ್ನನ್ನು ಮಠದ ಪಂಕ್ತಿಯಿಂದ ಎಬ್ಬಿಸಿ ಕಳಿಸಿದರು. ನಾನು ಪಕ್ಕದ ಎಲೆಗೆ ಕುಳಿತಿದ್ದೆ. ಊಟ ಮುಗಿಸಿಯೇ ಎದ್ದೆ. ನೀನು ಸತ್ತು ನಾಲ್ಕು ವರ್ಷವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಗೋಕಾಕದಿಂದ ಬರುವಾಗ ಗೌಡರ ಶೇಂಗಾ ಹೊಲದ ಬಳಿ ನಿಂತೆ. ಹೆಂಗಸರು ಕಳೆ ತೆಗೆಯುತ್ತಿದ್ದರು. ಬೇವಿನ ನೆರಳಲ್ಲಿ ಅವರ ಆರು ಕೂಸುಗಳು ಮಿಸುಕದೆ ಮಲಗಿದ್ದವು. ಕಾಯಲು ಕುಳಿತಿದ್ದ ನಿನ್ನ ಅವ್ವ ಲಕ್ಕವ್ವ, ಏಳನೆಯ ಕೂಸಿಗೆ ಸಾಸಿವೆಯಷ್ಟು ಕರಿ ಗುಳಿಗೆ ತೇದು ನೆಕ್ಕಿಸುತ್ತಿದ್ದಳು.

“ಅಫೀಮೇನಬೇ ಯವ್ವಾ ಇದು?”

“ಹೂನಪಾ, ಗೌಡ್ರ ಮನ್ಯಾಗ ಕೊಡ್ತಾರ. ಕೂಸು ಅತ್ತರ ತಾಯಿ ಓಡಿ ಬರ್ತಾಳ, ಕೆಲಸ ನಿಂದರತೈತಿ. ದೊಡ್ಡ ಡಾಕ್ಟರನಂಗ ಯಾಕ ಕಣ್ಣ ಬಿಡ್ತಿ?” ಎಂದು ನಕ್ಕಳು. “ನಮ್ಮ ಮುರಿಗೆಪ್ಪಗೂ ಮೂರು ವರ್ಷ ಇದೇ ಗಿಡದ ಬುಡಕ ಕೊಟ್ಟೇನಿ. ಭಾಳ ಶಾಂತ ಕೂಸು ತಮ್ಮಾ, ಒಂದಿನಾನೂ ಅಳಲಿಲ್ಲ.”

ಆ ಮುದುಕಿಯಿಂದ ಗುಳಿಗೆಯ ಡಬ್ಬಿಯನ್ನು ಕೇಳಿ ತಂದೆ.

ನಾಳೆ ಶ್ರಾವಣ ಸೋಮವಾರ. ಮಠದ ಪಂಕ್ತಿಯಲ್ಲಿ ಬಡಿಸುವ ಮೊದಲು ಆ ಡಬ್ಬಿಯನ್ನು ಗೌಡರ ಎಲೆಯ ಮೇಲಿಟ್ಟು ಕೇಳುತ್ತೇನೆ. ಉತ್ತರ ಬರುವವರೆಗೆ ನಾನು ಊಟಕ್ಕೆ ಕೂರುವುದಿಲ್ಲ.

ಬಸಗೌಡರೇ, ಮುರಿಗೆಪ್ಪನಿಗೆ ಮೊದಲ ಗುಳಿಗೆ ಬಂದದ್ದು ಯಾರ ಮನೆಯಿಂದ? ಊರೆದುರು ಹೇಳಿರಿ.