ಸೂಜಿ ಕೋಣೆಗೆ ಹೋಗುವ ದಾರಿ

ಗುರುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಎಷ್ಟು ಬೈದರೂ ಸರಿಯೇ. ಭಾವ ಹೇಗಿದ್ದಾರೆ, ಪುಟ್ಟಿಗೆ ಹಲ್ಲು ಬಂತೆ? ಬರೆಯಲು ಕೂತಾಗಲೆಲ್ಲ ನನ್ನ ಅಕ್ಷರ ಕಂಡರೇ ನನಗೆ ಹೇಸಿಗೆಯಾಗುತ್ತಿತ್ತು.

ಗಾರ್ಮೆಂಟ್ಸ್‌ನಲ್ಲಿ ಅಮ್ಮನೂ ನಾನೂ ಹೊಲಿಯುವ ಸಾಲಿನಲ್ಲಿ ಮೂವತ್ತು ಹೆಂಗಸರು. ಊಟದ ಹೊತ್ತು ಬಿಟ್ಟರೆ ಯಾರೂ ಏಳುವಂತಿಲ್ಲ. ಆದರೆ ಸೂಜಿ ಮುರಿದರೆ ಏಳಲೇಬೇಕು. ಚೂರುಗಳನ್ನೆಲ್ಲ ಹುಡುಕಿ, ಕಾಗದಕ್ಕೆ ಅಂಟಿಸಿ, ಸೂಜಿ ಕೋಣೆಗೆ ಒಯ್ದು ಕೊಟ್ಟರೇ ಹೊಸದು ಸಿಗುವುದು. ಆ ಕೋಣೆಯ ಪಕ್ಕದಲ್ಲೇ ಶೌಚಾಲಯ. ಹಾಗಾಗಿ ಯಾರಿಗೆ ಅವಸರವೋ ಅವರ ಸೂಜಿ ಮುರಿಯುತ್ತಿತ್ತು. ಇದೇನು ರೋಗ ಬಂತು ಈ ಸೂಜಿಗಳಿಗೆ ಎಂದು ಸೂಪರ್‌ವೈಸರ್ ತಲೆ ಕೆರೆದುಕೊಂಡರೆ, ಎಲ್ಲರೂ ದೊಡ್ಡಮ್ಮ ಎನ್ನುವ ನಮ್ಮ ಸಾಲಿನ ಹಿರಿಯಳು, "ಸೂಜಿಗೂ ವಯಸ್ಸಾಗುತ್ತೆ ಕಣಪ್ಪ, ನಿನಗಾದ ಹಾಗೆ" ಅನ್ನುತ್ತಿದ್ದಳು.

ನಾನು ಓದಿದ ಕರಪತ್ರಗಳಲ್ಲಿ ಅಧಿಕಾರವೆಂದರೆ ಪೊಲೀಸರು, ಮಂತ್ರಿಗಳು, ಮತಪೆಟ್ಟಿಗೆ. ಒಬ್ಬಳು ಯಾವಾಗ ಸ್ಟೂಲು ಬಿಟ್ಟು ಏಳಬೇಕು ಎಂಬುದರಲ್ಲೂ ಅದು ಕೂತಿದೆ, ಅದಕ್ಕೆ ಎದುರು ನಿಂತವರು ನನ್ನ ಪಕ್ಕದಲ್ಲೇ ಇದ್ದಾರೆ ಎಂದು ಹೊಳೆದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ತಿಂಗಳು ಎಲ್ಲವನ್ನೂ ಗಮನಿಸಿ, ಸೂಜಿ ಮುರಿಯುವ ಗುಟ್ಟನ್ನೂ ಸೇರಿಸಿ ನಾಲ್ಕು ಪುಟ ಬರೆದು, ಅಚ್ಚು ಹಾಕಿಸಿ, ಗೇಟಿನ ಹೊರಗೆ ನಾನೇ ಹಂಚಿದೆ. ಒಬ್ಬರ ಹೆಸರೂ ಹಾಕಿರಲಿಲ್ಲ. ಹೆಸರಿಲ್ಲದಿದ್ದರೆ ಯಾರಿಗೂ ಅಪಾಯವಿಲ್ಲ ಅಂದುಕೊಂಡಿದ್ದೆ, ಪೆದ್ದಿ.

ಸೂಪರ್‌ವೈಸರ್ ಕೈಗೂ ಒಂದು ಸಿಕ್ಕಿತು. ಅವನು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಮರುದಿನದಿಂದ ಸೂಜಿ ಡಬ್ಬಿ ಹಿಡಿದು ತಾನೇ ಸಾಲಿನ ನಡುವೆ ಓಡಾಡುತ್ತಾನೆ. ಮುರಿದ ಕಡೆ ಬಗ್ಗಿ, "ಕೂತಿರಮ್ಮ, ನೀವ್ಯಾಕೆ ಏಳ್ತೀರಾ" ಅನ್ನುತ್ತಾನೆ.

ಬೇಕಾದಾಗ ಶೌಚಾಲಯಕ್ಕೆ ಬಿಡಬೇಕೆಂದು ಮನವಿ ಬರೆದು ಸಹಿ ಕೇಳಿದೆ. ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು. ಅವಳು ಕಾಗದ ಮುಟ್ಟಲಿಲ್ಲ. "ನಮಗಿದ್ದಿದ್ದು ಅದೊಂದು ದಾರಿ. ಅದಕ್ಕೆ ಬೋರ್ಡು ಬರೆದು ನೇತು ಹಾಕಿದೆ. ಇನ್ನು ನೀನೇ ಹೇಳು ತಾಯಿ, ಎಲ್ಲಿಗೆ ಹೋಗೋಣ?" ಅಂದಳು.

ಈಗ ಬೆಳಗ್ಗೆಯಿಂದ ಯಾರೂ ನೀರು ಕುಡಿಯುವುದಿಲ್ಲ. ನಾನು ಓದಿದ ಆ ಕರಪತ್ರಗಳಲ್ಲಿ ಇದಕ್ಕೆ ಉತ್ತರ ಹುಡುಕಿ ಸಾಕಾಯಿತು.

ಪುಟ್ಟಿ ಯಾರಪ್ಪಣೆಗೂ ಕಾಯದೆ ಎದ್ದು ಓಡಾಡುವ ಹಾಗೆ ಬೆಳೆಯಲಿ.

ನಿನ್ನ ತಂಗಿ

ಮತ್ತೆ: ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಬೇಕಂತೆ. ಸೋಮವಾರ ಅವಳು ಸ್ಟೂಲಿನ ಮೇಲೆಯೇ ಒದ್ದೆಯಾದಳು. ಸಂಜೆ ಎಲ್ಲರೂ ಹೋಗುವವರೆಗೂ ತಲೆ ತಗ್ಗಿಸಿ ಕೂತೇ ಇದ್ದಳು. ಎಬ್ಬಿಸಲು ಕೈ ಕೊಟ್ಟೆ. ನನ್ನ ಕೈ ಹಿಡಿಯದೆ ಎದ್ದು, "ಇದನ್ನೂ ಬರೀಬೇಡ ಕಣೇ" ಅಂದಳು.